ಹಗ್ಗ ಎಳೆಯಲು ಒಬ್ಬ, ಜೋಲಿ ಹಿಡಿಯಲು ಒಬ್ಬ

ಗಾಲಿಕುರ್ಚಿಯನ್ನು ತಲೆಯ ಮೇಲೆ ಹೊತ್ತು ಕಾಲುಸಂಕ ದಾಟಿದವನು ನಮ್ಮ ಊರಿನಲ್ಲಿ ನಾನೊಬ್ಬನೇ ಇರಬೇಕು. ತಂಡೇಲರ ಮನೆಗೆ ರಸ್ತೆಯಿಲ್ಲ. ಹೊಳೆಯ ಕವಲಿಗೆ ಅಡ್ಡಲಾಗಿ ಹಾಕಿದ ಕಾಲುಸಂಕವನ್ನು ದಾಟಿ ಗದ್ದೆಯಂಚಿನಲ್ಲಿ ನಡೆಯಬೇಕು. ಉರುಳಿಸಿಕೊಂಡು ಹೋಗೋಣವೆಂದರೆ ಸಂಕದ ಅಗಲ ಕುರ್ಚಿಯ ಅಗಲಕ್ಕಿಂತ ಕಡಿಮೆ. ಎದುರಿನಿಂದ ಹುಲ್ಲು ಹೊತ್ತು ಬಂದ ಹೆಂಗಸೊಬ್ಬಳು ಸಂಕದ ತುದಿಯಲ್ಲೇ ಪಕ್ಕಕ್ಕೆ ಸರಿದು ನಿಂತು, "ಹ್ವಾಯ್, ಕುರ್ಚಿ ಮೇಲ್ ಜನ ಕೂಕಂಬುದಾ, ಜನದ್ ಮೇಲ್ ಕುರ್ಚಿ ಕೂಕಂಬುದಾ?" ಎಂದು ಕೇಳಿದಳು. ನಾನು ಮುಂದೆ ನಡೆದೆ. ತಲೆಯ ಮೇಲೆ ಭಾರ ಇದ್ದಾಗ ಮಾತಾಡಬಾರದು, ಕುತ್ತಿಗೆ ಅಲ್ಲಾಡುತ್ತದೆ.

ಹಾಸಿಗೆ ಹಿಡಿದ ವಯಸ್ಸಾದವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವ ಹೊಣೆ ಇನ್ನು ಪಂಚಾಯತಿಯದು ಎಂಬ ಯೋಜನೆಯ ಮಾತು ಆಗ ಶುರುವಾಗಿತ್ತು. ಎಲ್ಲ ಕಡೆ ತರುವ ಮೊದಲು ಪರೀಕ್ಷೆ ಮಾಡಿ ನೋಡೋಣವೆಂದು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಿಂದ ಒಂದೊಂದು ಗ್ರಾಮ ಪಂಚಾಯತಿಯನ್ನು ಆರಿಸಿದ್ದರು. ಬೈಂದೂರಿನಿಂದ ನಮ್ಮದು. ಪ್ರತಿ ಪಂಚಾಯತಿಗೆ ಒಂದೆರಡು ಗಾಲಿಕುರ್ಚಿ, ಕೆಲವು ಗಾಳಿ ಹಾಸಿಗೆ, ಒಂದು ಪೆಟ್ಟಿಗೆ ಮದ್ದು ಬ್ಯಾಂಡೇಜು, ಮತ್ತೆ ಒಬ್ಬ ಸಹಾಯಕ. ಆ ಒಬ್ಬ ನಾನು.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಕೊಕ್ಕೆ ಹಾಕಿ ಮಂಜುಗಡ್ಡೆ ಎಳೆಯುತ್ತಲೇ ನನಗೆ ಮೀಸೆ ಬಂತು, ಅಲ್ಲಿಯೇ ನರೆಯಿತು. ಮದುವೆಯಾಗಲಿಲ್ಲ. ಅಬ್ಬಿ, ಅಂದರೆ ನನ್ನ ತಾಯಿ, ಸೊಂಟ ಮುರಿದು ಮಲಗಿದ ಮೇಲೆ ಅವಳು ಹೋಗುವವರೆಗೂ ಬೇರೆ ಯಾರ ಕೈಯನ್ನೂ ಕಾಯದೆ ನಾನೇ ನೋಡಿಕೊಂಡೆ. ಅಷ್ಟು ವರ್ಷದಲ್ಲಿ ಅವಳ ಬೆನ್ನಿಗೆ ಒಂದೂ ಹುಣ್ಣಾಗಲಿಲ್ಲ ಎಂಬುದು ಊರಿಗೆ ಗೊತ್ತಿತ್ತು. ಪಂಚಾಯತಿ ಅಭಿವೃದ್ಧಿ ಅಧಿಕಾರಿ, ನಾವೆಲ್ಲ ಪಿಡಿಒ ಎಂದು ಕರೆಯುವವರು, ಅದನ್ನು ಕೇಳಿಕೊಂಡು ಐಸ್ ಪ್ಲಾಂಟಿಗೇ ಬಂದು ನನ್ನನ್ನು ಕರೆದರು. ನಾನಾಗಿ ಬಾಗಿಲಿಗೆ ಹೋಗಿ ಕೇಳಿದ ಕೆಲಸ ಅಲ್ಲ.

ಕುಂದಾಪುರದ ಆಸ್ಪತ್ರೆಯೊಂದರಲ್ಲಿ ಕೆಲವು ವಾರ ಕಲಿಸಿದರು. ಕಲಿಸಿದ ಸಿಸ್ಟರ್ ಸಾಲಿಗ್ರಾಮದ ಕಡೆಯವರು, ನನಗಿಂತ ತುಂಬ ಚಿಕ್ಕವರು. ಮೊದಲ ದಿನವೇ ಅವರು ಹೇಳಿದ್ದು ಹೀಗೆ: "ಒಬ್ರೇ ಯಾರನ್ನೂ ಎತ್ತುಕಾಗ. ಎಷ್ಟ್ ಶಕ್ತಿ ಇದ್ರೂ ಎತ್ತುಕೆ ಇಬ್ರ್ ಬೇಕ್." ನಾನು ತಲೆಯಾಡಿಸಿದೆ. ಐಸಿನ ಗಡ್ಡೆಗಿಂತ ಭಾರದ ಮನುಷ್ಯ ನಮ್ಮೂರಿನಲ್ಲಿ ಯಾರಿದ್ದಾನೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಕೆಲಸ ಹೀಗೆ. ಮನೆಗೆ ಹೋದಕೂಡಲೇ ಕೈ ತೊಳೆದು ಬಿಸಿನೀರು ತರಿಸಿಕೊಳ್ಳುವುದು. ಮೊದಲು ಮುಖ, ಆಮೇಲೆ ಕೈ, ಎದೆ, ಕೊನೆಗೆ ಸೊಂಟದ ಕೆಳಗೆ. ನೀರು ನಡುವೆ ಬದಲಿಸಬೇಕು. ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಇಟ್ಟು, ಭುಜಕ್ಕೆ ಒಂದು ಕೈ, ಸೊಂಟಕ್ಕೆ ಒಂದು ಕೈ ಕೊಟ್ಟು ನಮ್ಮ ಕಡೆಗೆ ಉರುಳಿಸಿದರೆ ಎಂಥವರೂ ಮಗ್ಗುಲಾಗುತ್ತಾರೆ. ಆಗ ಬೆನ್ನು ಒರೆಸಬೇಕು. ಹಿಮ್ಮಡಿ, ಸೊಂಟದ ಮೂಳೆ, ಬೆನ್ನಿನ ಬುಡ ಇಷ್ಟನ್ನೂ ಬೆಳಕಿಗೆ ಹಿಡಿದು ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಬಿಳಿಚಿಕೊಂಡರೆ ಪರವಾಗಿಲ್ಲ. ಕೆಂಪಾಗಿಯೇ ಉಳಿದರೆ ಅಲ್ಲಿ ಹುಣ್ಣು ಬರುತ್ತಿದೆ ಎಂದು ಅರ್ಥ.

ನನ್ನನ್ನು ಕಂಡಕೂಡಲೇ ಮನೆಯವರು ತಮ್ಮ ತಮ್ಮ ಕೆಲಸಕ್ಕೆ ಏಳುತ್ತಿದ್ದರು. ಅದನ್ನು ತಪ್ಪು ಅನ್ನಲಾರೆ, ದಿನದಲ್ಲಿ ಅವರಿಗೆ ಸಿಗುವ ಬಿಡುವು ಅಷ್ಟೇ. ಆಮೇಲೆ ಕೋಣೆಯಲ್ಲಿ ನಾನು, ಮಲಗಿದವರು, ತಿರುಗುವ ಫ್ಯಾನು. ಏನು ಮಾಡುವುದಿದ್ದರೂ ಮೊದಲು ಬಾಯಿಬಿಟ್ಟು ಹೇಳಿ ಮಾಡಿ ಎಂದು ಕಲಿಸಿದ್ದರು. ಈಗ ಎಡಕ್ಕೆ ತಿರುಗಿಸ್ತೆ ಅಜ್ಜಿ, ಈಗ ನೀರ್ ಹಾಕ್ತೆ, ಬಿಸಿ ಹೆಚ್ಚಾಯ್ತಾ? ಉತ್ತರ ಬಾರದ ಮಾತನ್ನು ದಿನವಿಡೀ ಆಡುವುದು ನನಗೆ ರೂಢಿಯಾಯಿತು. ಸಂಜೆ ಚಾ ಅಂಗಡಿಗೆ ಹೋದರೆ ಐಸ್ ಪ್ಲಾಂಟಿನ ಹಳೆಯ ಗೆಳೆಯರು ಕಾದಿರುತ್ತಿದ್ದರು.

"ಬಂತಪ್ಪಾ ನಮ್ ಸಿಸ್ಟರ್! ಓ ಸಿಸ್ಟರ್, ಇವತ್ ಎಷ್ಟ್ ಜನ್ರನ್ ನೀರ್ ಹಾಕಿ ಮೀಸಿದ್ರಿ?"

"ನಿನ್ನ ಮೀಸುಕೆ ಇನ್ನೂ ಹೊತ್ತಿತ್ತ್, ಚಾ ಕುಡಿ" ಎನ್ನುತ್ತಿದ್ದೆ.

ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಬೆಂಚಿನಲ್ಲಿ ನನ್ನ ಪಕ್ಕದ ಜಾಗ ಖಾಲಿ ಉಳಿಯುತ್ತಿತ್ತು. ಆಸ್ಪತ್ರೆಯ ಮದ್ದಿನ ವಾಸನೆ ಬಟ್ಟೆಯಿಂದ ಹೋಗುತ್ತಿರಲಿಲ್ಲವೋ ಏನೋ. ಕೆಲವು ದಿನ ಕಳೆದ ಮೇಲೆ ಚಾ ಮನೆಯಲ್ಲೇ ಮಾಡಿಕೊಂಡೆ.

ನನ್ನ ಮಾತಿಗೆ ಮಾತು ಸಿಗುತ್ತಿದ್ದುದು ತಂಡೇಲರ ಮನೆಯಲ್ಲಿ ಮಾತ್ರ. ತಂಡೇಲ ಎಂದರೆ ದೋಣಿಯ ಮುಖ್ಯಸ್ಥ. ಕಡಲಿಗೆ ಹೋಗುವುದು ನಿಂತು ಎಷ್ಟೋ ಕಾಲವಾದರೂ ಊರು ಅವರನ್ನು ಹಾಗೇ ಕರೆಯುತ್ತಿತ್ತು. ಆಳೆತ್ತರದ ದಪ್ಪ ಜನ. ಬಲಭಾಗಕ್ಕೆ ಲಕ್ವ ಹೊಡೆದಿತ್ತು, ಸಕ್ಕರೆ ಕಾಯಿಲೆಯೂ ಇತ್ತು. ಮಾತು ಸ್ವಲ್ಪ ತೊದಲಿದರೂ ಅದರ ಹರಿತ ಹೋಗಿರಲಿಲ್ಲ. ನಾನು ಐಸ್ ಪ್ಲಾಂಟಿನವನೆಂದು ತಿಳಿದ ದಿನದಿಂದ ನನ್ನ ಹೆಸರು ಬಿಟ್ಟು ಐಸ್ ಎಂದೇ ಕರೆದರು.

"ಓ ಐಸ್, ಬಂದ್ಯಾ? ನಿನ್ ಕೈ ತಾಗ್ರೆ ಸಾಕ್, ನಾ ಬುಟ್ಟಿಯಂಗಿಪ್ಪು ಮೀನ್ ಅಂತ ಕಾಣತ್ತ್."

"ಮೀನಾಗಿದ್ರೆ ಇಷ್ಟೊತ್ತಿಗ್ ಮಾರಿ ಆಗಿತ್ತ್ ತಂಡೇಲ್ರೆ."

"ಯಾರ್ ತಕಂತ್ರ್ ಮಾರಾಯಾ, ಅರ್ಧ ಒಣಗಿದ್ದನ್?"

ಮನೆಯಲ್ಲಿ ಅವರ ಸೊಸೆ. ಗಂಡ ಗೋವಾ ಕಡೆಯ ದೋಣಿಯಲ್ಲಿ ದುಡಿಯುತ್ತಿದ್ದ, ಬರುವುದು ಅಪರೂಪ. ಅವಳು ನಸುಕಿಗೇ ಗಂಗೊಳ್ಳಿ ಬಂದರಿಗೆ ಹೋಗಿ ಏಲದಲ್ಲಿ ಮೀನು ಕೊಂಡು, ಸ್ಕೂಟರಿನಲ್ಲಿ ಮನೆ ಮನೆಗೆ ಮಾರಿ ಮಧ್ಯಾಹ್ನ ದಾಟಿದ ಮೇಲೆ ಬರುತ್ತಿದ್ದಳು. ಮೊದಲ ದಿನವೇ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ಹೇಳಿದಳು: "ಅಣ್ಣ, ನೀವ್ ಬಂದ್ರೆ ನಾ ಬಂದರಿಗೆ ಹೋತೆ. ನೀವ್ ಬರದಿದ್ರೆ ನಂಗ್ ಹೋಪುಕಿಲ್ಲೆ. ಇಷ್ಟೇ ನಮ್ಮ ಮನಿ ಕತಿ." ಆ ಮನೆಗೆ ಪಂಚಾಯತಿಯ ಯೋಜನೆ ಎಂದರೆ ಅಷ್ಟೇ, ಅವಳು ಬುಟ್ಟಿ ಎತ್ತಬಹುದೋ ಇಲ್ಲವೋ ಎನ್ನುವುದು.

ತೊಂದರೆ ಶುರುವಾದದ್ದು ಗಾಳಿ ಹಾಸಿಗೆಯಿಂದ. ಅದು ಕರೆಂಟಿನ ಮೋಟರಿನಲ್ಲಿ ಉಬ್ಬಿ ನಿಲ್ಲುವಂಥದ್ದು. ಕರೆಂಟು ಹೋದರೆ ಚಪ್ಪಟೆಯಾಗಿ ಮಂಚದ ಹಲಗೆ ಬೆನ್ನಿಗೆ ಸಿಗುತ್ತದೆ. ನಮ್ಮ ಕಡೆ ಗಾಳಿ ಸ್ವಲ್ಪ ಜೋರಾದರೂ ಕರೆಂಟು ಹೋಗುತ್ತದೆ. ತಂಡೇಲರ ಬೆನ್ನಿನ ಬುಡದಲ್ಲಿ ಒತ್ತಿದರೂ ಬಿಳಿಚದ ಕೆಂಪು ಕಾಣಿಸಿತು. ಇದ್ದದ್ದು ಒಂದೇ ಉಪಾಯ, ದಿನಕ್ಕೆ ಕೆಲವು ಗಂಟೆ ಅವರನ್ನು ಮಂಚದಿಂದ ಎತ್ತಿ ಕುರ್ಚಿಯಲ್ಲಿ ಕೂರಿಸುವುದು. ಅದಕ್ಕೇ ನಾನು ಕುರ್ಚಿ ಹೊತ್ತು ತಂದದ್ದು.

ಎತ್ತಲು ಹೋದೆ. ಅವರ ಎರಡೂ ಕೈಗಳನ್ನು ನನ್ನ ಕುತ್ತಿಗೆಗೆ ಹಾಕಿಕೊಂಡು ಸೊಂಟ ತಬ್ಬಿ ಏಳಿಸಿದೆ. ಐಸಿನ ಗಡ್ಡೆ ಒಂದೇ ಆಕಾರದಲ್ಲಿ ಇರುತ್ತದೆ, ಮನುಷ್ಯ ಹಾಗಲ್ಲ. ಸತ್ವವಿಲ್ಲದ ಬಲಗಾಲು ಮಡಚಿಕೊಂಡು ಇಬ್ಬರೂ ಮಂಚದ ಮೇಲೆ ಬಿದ್ದೆವು. ತಂಡೇಲರು ಕೆಮ್ಮು ಬರುವಷ್ಟು ನಕ್ಕರು.

"ಸಾಕ್ ಮಾರಾಯಾ, ಹೆಂಡ್ತಿ ಸತ್ ಮೇಲ್ ನನ್ನ ಯಾರೂ ಹೀಂಗ್ ತಬ್ಕಂಡಿರ್ಲಿಲ್ಲೆ."

ಮಾರನೆಯ ದಿನ ಪಿಡಿಒ ಹತ್ತಿರ ಹೋಗಿ ಇನ್ನೊಬ್ಬರು ಬೇಕು ಎಂದೆ. ಅವರು ಘಟ್ಟದ ಮೇಲಿನವರು, ಕೆಟ್ಟವರಲ್ಲ. "ಮಂಜೂರಾಗಿರೋದು ಒಂದೇ ಹುದ್ದೆ ಕಣ್ರೀ. ನನ್ನನ್ನೇ ನೋಡಿ, ಪಕ್ಕದ ಪಂಚಾಯತಿಗೂ ನಾನೇ. ನನಗೆ ಇನ್ನೊಬ್ಬರನ್ನ ಯಾರು ಕೊಡ್ತಾರೆ?" ಎಂದರು. ಒಂದು ಸಲ ಕೇಳಿದೆ. ಎರಡನೇ ಸಲ ಕೇಳುವ ಅಭ್ಯಾಸ ನನಗಿಲ್ಲ.

ಆಗ ಹೊಳೆದದ್ದು ಕಪ್ಪಿ. ದೋಣಿಯಲ್ಲಿ ತುಂಬಿದ ಬಲೆಯನ್ನು ಮೇಲೆತ್ತಲು ಹಗ್ಗ ಓಡಿಸುವ ಗಾಲಿ ಇರುತ್ತದಲ್ಲ, ಅದು. ಬಂದರಿನಲ್ಲಿ ಗುಜರಿಗೆ ಹಾಕಿದ್ದ ಎರಡು ಕಪ್ಪಿ ತಂದು ತುಕ್ಕು ಉಜ್ಜಿ ಗ್ರೀಸು ಹಾಕಿದೆ. ತಂಡೇಲರ ಮಂಚದ ಅಂಚಿನಿಂದ ಸ್ವಲ್ಪ ಆಚೆಗೆ ಹಾದುಹೋದ ಜಂತಿಯನ್ನು ಸುತ್ತಿಗೆಯಿಂದ ತಟ್ಟಿ ನೋಡಿದೆ, ಗೆದ್ದಲಿನ ಟೊಳ್ಳು ಸದ್ದಿರಲಿಲ್ಲ. ಒಂದು ಕಪ್ಪಿ ಜಂತಿಗೆ, ಇನ್ನೊಂದು ಹಗ್ಗದಲ್ಲೇ ತೇಲುವಂತೆ. ಹಾಗೆ ಎರಡು ಹಾಕಿದರೆ ಎಳೆಯುವವನಿಗೆ ಭಾರ ಅರ್ಧವಾಗುತ್ತದೆ. ಹಗ್ಗ ಕಟ್ಟಿ ನಿಲ್ಲಿಸಲು ಗೋಡೆಗೆ ಮರದ ಗೂಟ ಹೊಡೆದೆ. ಇನ್ನು ಮನುಷ್ಯನನ್ನು ಕೂರಿಸುವ ಜೋಲಿ. ಅದಕ್ಕೆ ಬಲೆಯನ್ನೇ ಆರಿಸಿದೆ. ಹರಿಯುವುದಿಲ್ಲ, ಒದ್ದೆ ನಿಲ್ಲುವುದಿಲ್ಲ, ತೊಳೆದರೆ ಬೇಗ ಒಣಗುತ್ತದೆ. ದಪ್ಪ ದಾರದ ಬಲೆಯ ತುಂಡನ್ನು ನಾಲ್ಕು ಮೂಲೆಗೆ ಹಗ್ಗ ಹಾಕಿ ಹೊಲಿದು, ಮೇಲೆ ಲುಂಗಿ ಮಡಚಿ ಹಾಸಿದೆ. ಅಕ್ಕಿ ಮೂಟೆ ಇಟ್ಟು ಎತ್ತಿ ನೋಡಿದೆ. ಮೂಟೆ ಇಳಿಸಿ ನಾನೇ ಕೂತು, ಸೊಸೆಯ ಕೈಯಲ್ಲಿ ಹಗ್ಗ ಎಳೆಸಿ ನೋಡಿದೆ.

ತಂಡೇಲರು ಮೊದಲ ಸಲ ಮೇಲೆದ್ದಾಗ ಮನೆಯ ಹೆಂಚಿಗೆ ಹತ್ತಿರದಿಂದ ಕಣ್ಣು ಹಾಯಿಸಿದರು. "ಜೀವಮಾನ ಇಡೀ ನಾ ಮೀನನ್ನ ಬಲೆಯಂಗ್ ಎತ್ತಿದೆ. ಈಗಳ್ ನನ್ನ ಎತ್ತಿದ್ಯಲ್ಲಾ ಐಸ್! ಮೇಲಿಪ್ಪು ಮೀನೆಲ್ಲ ಕಂಡ್ಕಂಡ್ ನೆಗ್ಯಾಡ್ತ್ವೇನೊ." ಹಗ್ಗವನ್ನು ಗೂಟಕ್ಕೆ ಸುತ್ತಿ, ಓಡಿಹೋಗಿ ಕುರ್ಚಿಯನ್ನು ಕೆಳಗೆ ತಳ್ಳಿ, ಮತ್ತೆ ಗೂಟಕ್ಕೆ ಬಂದು ಹಗ್ಗ ಸಡಿಲಿಸಿದೆ. ಕೂತರು. ಜಗಲಿಗೆ ತಳ್ಳಿಕೊಂಡು ಹೋದೆ. ಗದ್ದೆ, ಹೊಳೆ, ಸಂಕ, ಅದರ ಮೇಲೆ ನಡೆಯುವ ಜನ. ತಂಡೇಲರು ಯಾರನ್ನೂ ಬಿಡಲಿಲ್ಲ, ಸಂಕ ದಾಟಿದವರನ್ನೆಲ್ಲ ಕೂಗಿ ಕರೆದು ಮಾತಾಡಿಸಿದರು. ಆ ದಿನ ನಾನು ಮಾಡಿದ ಕೆಲಸಕ್ಕೆ ಎದೆ ಉಬ್ಬಿಸಿಕೊಂಡೇ ಮನೆಗೆ ಹೋದೆ. ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ ಅಷ್ಟೆ.

ಸುದ್ದಿ ಕೇಳಿ ಪಿಡಿಒ ಬಂದು ಫೋಟೊ ತೆಗೆದರು. ಅದು ತಾಲೂಕಿನ ಮೀಟಿಂಗಿಗೆ ಹೋಯಿತು, ಅಲ್ಲಿಂದ ಮೇಲಕ್ಕೂ ಹೋಯಿತು. ಒಬ್ಬನೇ ಸಹಾಯಕ, ಖರ್ಚಿಲ್ಲದ ಉಪಾಯ ಎಂದು ಹೊಗಳಿದರಂತೆ. ನಾನು ದಿನಾ ಹಾಗೆಯೇ ಎತ್ತಿದೆ.

ಕೆಲವು ವಾರಗಳ ಮೇಲೆ ಸಾಲಿಗ್ರಾಮದ ಆ ಸಿಸ್ಟರ್ ಮನೆಮನೆ ನೋಡಲು ಬಂದರು. ತಂಡೇಲರನ್ನು ಮಗ್ಗುಲಾಗಿಸಿ, ಬೆನ್ನಿನ ಬುಡದ ಕೆಂಪು ಇಳಿದದ್ದನ್ನು ನೋಡಿ ಖುಷಿಪಟ್ಟರು. ಆಮೇಲೆ ಪಂಚೆಯನ್ನು ಇನ್ನೂ ಕೆಳಗೆ ಸರಿಸಿ ಟಾರ್ಚು ಹಿಡಿದರು.

"ಅಣ್ಣ, ಇದೆಂತ?"

ಬಲತೊಡೆಯ ಹಿಂಭಾಗದಲ್ಲಿ ಚೌಕ ಚೌಕವಾಗಿ ಬಲೆಯ ಕಣ್ಣುಗಳು ಮೂಡಿದ್ದವು. ಬಲೆಯ ಗಂಟು ಬೀಳುವ ಒಂದು ಕಡೆ ಚರ್ಮ ಒಡೆದು, ಅಂಚು ಕಪ್ಪಾಗಿ, ಒಳಗೆ ಹಳದಿ ಕಾಣುತ್ತಿತ್ತು. ಬಲೆಯ ಮೇಲೆ ಹಾಸಿದ ಲುಂಗಿ, ಅವರನ್ನು ಎತ್ತುವಾಗ ಜಾರಿ ಮುದ್ದೆಯಾಗುತ್ತಿತ್ತು. ಬೆಳಿಗ್ಗೆ ನಾನು ಒರೆಸುವ ಹೊತ್ತಿಗೆ ಹಿಂದಿನ ದಿನದ ಗೆರೆಗಳು ಮಾಸಿರುತ್ತಿದ್ದವು. ಆ ಒಂದು ಕೆಂಪನ್ನು ಮೊದಲು ಕಂಡಾಗ ಸೊಳ್ಳೆ ಕಡಿತ ಅಂದುಕೊಂಡು ಮತ್ತೆ ಅಲ್ಲಿಗೆ ಬೆಳಕು ಹಿಡಿದಿರಲಿಲ್ಲ. ಹುಣ್ಣಾಗುವ ಜಾಗಗಳೆಂದು ಕಲಿಸಿದ್ದನ್ನೆಲ್ಲ ನೋಡುತ್ತಿದ್ದೆ. ಬಲೆಯಲ್ಲಿ ತೂಗುವವನಿಗೆ ಎಲ್ಲಿ ಹುಣ್ಣಾಗುತ್ತದೆ ಎಂದು ಯಾರು ಕಲಿಸಬೇಕು?

"ತಂಡೇಲ್ರೆ, ನೀವಾರೂ ಹೇಳುಕಾಗ್ತಿತ್ತಲ್ದಾ?" ಎಂದೆ.

"ನೋವೇ ಇಲ್ದಿದ್ದನ್ ಎಂತ ಅಂತ ಹೇಳುದ್? ಆ ಬದಿ ನಂದಲ್ಲ ಅಂತ ಬಿಟ್ ಸುಮಾರ್ ದಿನ ಆಯ್ತ್."

ಸಿಸ್ಟರ್ ಉಪ್ಪುನೀರಿನಲ್ಲಿ ಗಾಯ ತೊಳೆದು, ಸತ್ತ ಚರ್ಮ ತೆಗೆದು, ತೆಳು ಬ್ಯಾಂಡೇಜು ಬಟ್ಟೆ ತುಂಬಿಸುವುದನ್ನು ನನಗೆ ತೋರಿಸಿದರು. ಬೈಯಲಿಲ್ಲ. ಕೈ ತೊಳೆದು ಹೊರಗೆ ಬಂದು ಹೇಳಿದರು: "ಕಪ್ಪಿ ಲಾಯ್ಕಿತ್ತ್ ಅಣ್ಣ, ನಂಗ್ ತಲಿಗೇ ಹೊಳೀತಿರ್ಲಿಲ್ಲೆ. ಬಲೆ ಬ್ಯಾಡ, ದಪ್ಪ ಬಟ್ಟಿ ಹೊಲಿಸಿ. ಮತ್ತೆ, ಹಗ್ಗ ಎಳೂಕೆ ಒಬ್ರ್, ಜೋಲಿ ಹಿಡೂಕೆ ಒಬ್ರ್. ಎರಡೂ ಒಬ್ರೇ ಮಾಡುಕಾಗ."

"ಇಲ್ಲಿಪ್ಪುದ್ ನಾ ಒಬ್ನೇ ಸಿಸ್ಟರ್."

"ಹಂಗಾರೆ ಎತ್ತುಕೇ ಆಗ."

ಕ್ಯಾನ್ವಾಸು ಬಟ್ಟೆಯ ಜೋಲಿ ಹೊಲಿಸಿದೆ. ಎತ್ತದೆ ಬಿಟ್ಟರೆ ಬೆನ್ನಿಗೆ ಹುಣ್ಣು, ಆದ್ದರಿಂದ ಒಬ್ಬನೇ ಎತ್ತಿದೆ. ಹಗ್ಗವನ್ನು ಗೂಟಕ್ಕೆ ಸುತ್ತುವಾಗ ಜೋಲಿ ತನ್ನಷ್ಟಕ್ಕೆ ತಿರುಗಿತು. ಗಾಯದ ತೊಡೆ ಮಂಚದ ಅಂಚಿಗೆ ಬಡಿಯಿತು. ತಂಡೇಲರಿಗೆ ಗೊತ್ತೇ ಆಗಲಿಲ್ಲ, ಏನೋ ತಮಾಷೆ ಹೇಳುತ್ತಲೇ ಇದ್ದರು. ಬ್ಯಾಂಡೇಜಿನಿಂದ ರಕ್ತ ಇಳಿದು ಕ್ಯಾನ್ವಾಸಿಗೆ ಹತ್ತಿತು. ಗೂಟದಿಂದ ಮಂಚಕ್ಕೆ ಒಂದೆರಡು ಹೆಜ್ಜೆ ದೂರ. ಆ ಒಂದೆರಡು ಹೆಜ್ಜೆಯಲ್ಲಿ ಅವರನ್ನು ಹಿಡಿದುಕೊಳ್ಳಲು ಯಾರೂ ಇಲ್ಲ. ನಾನು ಎಷ್ಟು ಗಟ್ಟಿಗನಾದರೂ ಎರಡು ಕಡೆ ನಿಲ್ಲಲಾರೆ.

ಅದೇ ವಾರ ಪಿಡಿಒ ಕರೆಸಿದರು. ಮೂರು ಪಂಚಾಯತಿಗಳು ಯೋಜನೆಗೆ ಸಿದ್ಧವೇ ಎಂದು ನೋಡಲು ಉಡುಪಿಯಿಂದ ತಂಡ ಬರುವುದಿತ್ತು. "ಸಿದ್ಧ ಅಂತ ಬರೆದ್ರೆ ಖಾಯಂ ಆಗತ್ತೆ, ಈಗ ಇರೋ ಹಾಗೇ. ಇಲ್ಲ ಅಂತ ಬರೆದ್ರೆ ಅಲ್ಲಿಗೆ ತಡೆ. ನಿಮ್ಮ ಸಂಬಳವೂ ಇಲ್ಲ, ಆ ಮನೆಗಳಿಗೆ ಹೋಗೋರೂ ಇಲ್ಲ" ಎಂದರು. ಗಾಯದ ವಿಷಯ ಅವರಿಗೆ ಗೊತ್ತಿತ್ತು. "ಬ್ಯಾಂಡೇಜು ಪಂಚೆ ಒಳಗಿರತ್ತೆ. ನಾನೇನೂ ಸುಳ್ಳು ಹೇಳಿ ಅನ್ನಲ್ಲ. ಕೇಳದೆ ಇದ್ರೆ ಹೇಳಬೇಡಿ." ಆಮೇಲೆ ನನ್ನನ್ನು ಸಂತೋಷಪಡಿಸಲೆಂದೇ ಇನ್ನೊಂದು ಮಾತು ಸೇರಿಸಿದರು. ಬ್ರಹ್ಮಾವರದ ಕಡೆಯ ಪಂಚಾಯತಿಯವರು ತಮಗೆ ಇಬ್ಬರು ಸಹಾಯಕರು ಬೇಕೆಂದು ಬರೆದಿದ್ದರಂತೆ. ಬೈಂದೂರಿನಲ್ಲಿ ಒಬ್ಬನೇ ಎತ್ತುತ್ತಾನೆ, ಹೋಗಿ ಕಲಿತು ಬನ್ನಿ ಎಂದು ಮೇಲಿನವರು ಉತ್ತರ ಕೊಟ್ಟರಂತೆ.

"ಅಲ್ಲಿ ಕೆಲಸಕ್ಕಿಪ್ಪುದ್ ಯಾರ್ ಸರ್?"

"ಯಾರೋ ಒಬ್ಬರು ಹೆಂಗಸು. ನಿಮ್ಮಷ್ಟು ಗಟ್ಟಿ ಎಲ್ಲಿ ಸಿಗ್ತಾರೆ?"

ಸಂಜೆ ಗಂಜಿ ಬೇಯಲು ಇಟ್ಟು ಒಲೆಯ ಮುಂದೆ ಕೂತೆ. ಆ ಹೆಂಗಸನ್ನು ನಾನು ನೋಡಿದವನಲ್ಲ. ಆದರೂ ಬ್ರಹ್ಮಾವರದ ಯಾವುದೋ ಮನೆಯಲ್ಲಿ, ಮಂಚದ ಪಕ್ಕದಲ್ಲಿ, ನನ್ನ ಫೋಟೊ ತೋರಿಸಿ ಎತ್ತು ಎಂದು ಹೇಳಿಸಿಕೊಂಡು ನಿಂತಿರುವುದು ಕಣ್ಣಿಗೆ ಕಟ್ಟಿತು. ನಾನು ಒಬ್ಬನೇ ಎತ್ತಿ ತೋರಿಸಿದರೆ ಒಬ್ಬರೇ ಸಾಕು ಎಂದಾಗುತ್ತದೆ, ಮೂರು ತಾಲೂಕಿಗೂ. ಎತ್ತದಿದ್ದರೆ ತಂಡೇಲರ ಸೊಸೆ ಬಂದರಿಗೆ ಹೋಗುವುದು ನಿಲ್ಲುತ್ತದೆ. ಯಾರನ್ನಾದರೂ ಕೇಳೋಣವೆಂದರೆ ಹೀಗೆ ಕೇಳುವಂಥ ಒಬ್ಬರೂ ನನಗಿರಲಿಲ್ಲ. ಗಂಜಿ ಉಕ್ಕಿ ಒಲೆಗೆ ಚೆಲ್ಲಿತು.

ತಂಡ ಬರುವ ದಿನ ಸೊಸೆ ಬಂದರಿಗೆ ರಜೆ ಹಾಕಿದ್ದಳು. ತಂಡೇಲರಿಗೆ ಕ್ಷೌರ ಮಾಡಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಸಿದ್ದಳು. ಅವರು ಬೆಳಗಿನಿಂದ ಒಂದೇ ಮಾತು: "ಐಸ್, ನನ್ನ ಬೇಗ ಜಗಲಿಗ್ ಕೂರ್ಸ್. ಸಂಕದ್ ವಿಷ್ಯ ಇವತ್ ನಾನೇ ಮಾತಾಡ್ತೆ. ಆಂಬುಲೆನ್ಸ್ ಬಪ್ಪಷ್ಟ್ ಅಗಲ ಸಂಕ ಬೇಕ್ ಅಂದೇಳಿ ಕೇಳ್ಕ್." ತಂಡದವರು ಬರಲಿ ಎಂದೆ. ನನ್ನ ಮುಖ ಸರಿಯಿರಲಿಲ್ಲವೇನೋ, ಅವರು ಒಂದು ಕ್ಷಣ ನನ್ನನ್ನೇ ನೋಡಿದರು.

ತಂಡದ ಮುಖ್ಯಸ್ಥರು ನಡುವಯಸ್ಸಿನ ಹೆಂಗಸು. ಚಪ್ಪಲಿ ಕೈಯಲ್ಲಿ ಹಿಡಿದು ಸಂಕ ದಾಟಿ ಬಂದರು, ಹಿಂದೆ ಪಿಡಿಒ. ಕಪ್ಪಿ, ಹಗ್ಗ, ಗೂಟ ಎಲ್ಲವನ್ನೂ ಮುಟ್ಟಿ ನೋಡಿದರು. "ತುಂಬ ಚೆನ್ನಾಗಿದೆ. ಎತ್ತಿ ತೋರಿಸಿ" ಎಂದರು.

ನಾನು ತಂಡೇಲರ ಕೆಳಗೆ ಜೋಲಿ ಹಾಸಿದೆ, ನಾಲ್ಕೂ ಹಗ್ಗ ಕೊಕ್ಕೆಗೆ ಸಿಕ್ಕಿಸಿದೆ. ಆಮೇಲೆ ಗೋಡೆಯ ಹತ್ತಿರ ಹೋಗಿ ನಿಂತೆ.

"ಹಗ್ಗ ಎಳೆಯಲು ನಾನಿದ್ದೇನೆ ಮೇಡಂ. ಜೋಲಿ ಹಿಡಿಯಲು ಒಬ್ಬರು ಬೇಕು."

"ದಿನಾ ಒಬ್ಬರೇ ಮಾಡ್ತೀರಿ ಅಂತ ವರದಿ ಇದೆಯಲ್ಲ?"

"ಮಾಡಿದೆ. ಅವರ ತೊಡೆಗೆ ಗಾಯ ಆಯಿತು. ಇನ್ನು ಒಬ್ಬನೇ ಎತ್ತುವುದಿಲ್ಲ."

ಪಿಡಿಒ ಕಿಟಕಿಯ ಕಡೆಗೆ ತಿರುಗಿದರು. ಸೊಸೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಅಷ್ಟೇ ಅಲ್ದಾ ಅಣ್ಣ, ನಾ ಹಿಡ್ಕಂತೆ. ಎಳಿನಿ."

"ಮನೆಯವರು ಸಹಕರಿಸ್ತಾರೆ" ಎಂದು ಮೇಡಂ ಪಕ್ಕದವರಿಗೆ ಹೇಳಿದರು. ಅವರು ಬರೆದುಕೊಳ್ಳತೊಡಗಿದರು.

"ಬ್ಯಾಡ ತಂಗಿ" ಎಂದೆ. "ನೀ ಹಿಡ್ದ್ರೆ ಎರಡನೇ ಜನ ನೀನೇ ಅಂದಾತ್ತ್. ದಿನಾ ನೀನೇ ಹಿಡೀಕ್. ಮತ್ತೆ ಬಂದರಿಗೆ ಯಾವಾಗ ಹೋತೆ?"

ಬರೆಯುವವರ ಕೈ ನಿಂತಿತು. ಸೊಸೆಗೆ ಸಿಟ್ಟು ಬಂತು. "ಯೋಜನಿ ನಿಂತ್ ಹೋರೆ ನಾ ಎಲ್ಲಿಗ್ ಹೋಪುದ್? ಅದನ್ ಹೇಳಿ ಅಣ್ಣ ನೀವ್!"

ಆಗ ಮಂಚದಿಂದ ತಂಡೇಲರು ಕರೆದರು. ತಮಾಷೆಯ ದನಿ ಅದರಲ್ಲಿ ಇರಲಿಲ್ಲ.

"ಐಸ್, ಎತ್ತ್ ಮಾರಾಯಾ. ಇದೊಂದ್ ಸಲ. ಜನ ಬಂದಿದ್ರ್. ನಾ ಮನಿಕಂಡ್ ಮಾತಾಡುದಾ?"

ಹಗ್ಗ ಕೈಯಲ್ಲಿತ್ತು. ಎಳೆದಿದ್ದರೆ ಅವರು ಮೇಲೇಳುತ್ತಿದ್ದರು, ಒಂದು ಸಲಕ್ಕೆ ಏನೂ ಆಗದೆಯೂ ಇರುತ್ತಿತ್ತು. ನಾನು ಎಳೆಯಲಿಲ್ಲ. ತಂಡೇಲರು ಮುಖವನ್ನು ಗೋಡೆಗೆ ತಿರುಗಿಸಿದರು. ಮೇಡಂ ಮಂಚದ ಪಕ್ಕ ಕೂತು, ಏನು ಬೇಕು ಅಜ್ಜ, ಊಟ ಸರಿಯಾಗಿ ಸೇರ್ತದಾ, ಎಂದು ಕೇಳಿದರು. ಅವರು ಒಂದಕ್ಕೂ ಬಾಯಿ ತೆರೆಯಲಿಲ್ಲ. ಸಂಕದ ಮಾತನ್ನೂ ಎತ್ತಲಿಲ್ಲ. ಮೇಡಂ ಬ್ಯಾಂಡೇಜು ಬಿಚ್ಚಿಸಿ ಗಾಯ ನೋಡಿದರು.

ಹಿಂತಿರುಗುವಾಗ ಸಂಕದ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದರು. "ನೀವು ಹೇಳಿದ್ದನ್ನ ಹಾಗೇ ಬರೀತೇನೆ. ಬರೆದ್ರೆ ಮೊದಲು ನಿಲ್ಲೋದು ನಿಮ್ಮ ಕೆಲಸವೇ. ಗೊತ್ತಲ್ಲ?"

"ಗೊತ್ತು ಮೇಡಂ."

"ಎಷ್ಟು ದಿನ ನಿಲ್ಲತ್ತೆ ಅಂತ ನನಗೂ ಹೇಳಕ್ಕಾಗಲ್ಲ."

ಅವರು ಹೋದ ಮೇಲೆ ಒಳಗೆ ಬಂದು, ಬಾ ತಂಗಿ, ಈಗ ಇಬ್ಬರೂ ಸೇರಿ ಜಗಲಿಗೆ ಕೂರಿಸೋಣ ಎಂದೆ. ಗೋಡೆಯ ಕಡೆಯಿಂದಲೇ ತಂಡೇಲರು ಹೇಳಿದರು: "ಬ್ಯಾಡ. ಇನ್ ಯಾರಿಗ್ ಕಾಣ್ಸುಕೆ?"

ತಡೆ ಬಂತು. ನಾನು ಐಸ್ ಪ್ಲಾಂಟಿಗೆ ವಾಪಸು ಹೋದೆ. ಗೆಳೆಯರು ಕೊಕ್ಕೆ ಕೈಗೆ ಕೊಟ್ಟರು. ಪ್ಲಾಂಟಿನ ಕಟ್ಟೆಯಲ್ಲಿ ನಿಂತರೆ ಕೆಳಗೆ ಮೀನು ಏಲದ ಜಾಗ ಪೂರ್ತಿ ಕಾಣುತ್ತದೆ. ಹೆಂಗಸರು ತಮ್ಮ ತಮ್ಮ ಜಾಗದಲ್ಲಿ ಬುಟ್ಟಿ ಇಟ್ಟುಕೊಂಡು ನಿಲ್ಲುತ್ತಾರೆ, ಒಬ್ಬರ ಜಾಗಕ್ಕೆ ಇನ್ನೊಬ್ಬರು ಹೋಗುವುದಿಲ್ಲ. ತಂಡೇಲರ ಸೊಸೆಯ ಜಾಗ ಕಂಬದ ಪಕ್ಕ. ದಿನಾ ಬೆಳಿಗ್ಗೆ ಆ ಕಂಬದ ಬುಡ ಖಾಲಿ. ಐಸು ತುಂಬಿಸಿಕೊಳ್ಳಲು ಬಂದ ಒಬ್ಬಳು ಇನ್ನೊಬ್ಬಳಿಗೆ ಹೇಳುವುದು ಕಿವಿಗೆ ಬಿತ್ತು: "ಮಾವನ್ ಕಾಂಬುಕೆ ಜನ ಇಲ್ಲೆ ಅಂಬ್ರ್. ಪಂಚಾಯ್ತಿಯವ ಒಬ್ಬ ಬತ್ತಿದ್ದ, ಅವನೂ ಕೈ ಬಿಟ್ಟ ಅಂಬ್ರ್." ನಾನು ಗಡ್ಡೆಗೆ ಕೊಕ್ಕೆ ಹಾಕಿ ಎಳೆದೆ.

ಭಾನುವಾರಗಳಂದು ಗಾಯ ತೊಳೆಯಲು ಹೋಗುತ್ತಿದ್ದೆ. ಸೊಸೆ ಬೇಡ ಅನ್ನಲಿಲ್ಲ, ಬಿಸಿನೀರು ತಂದಿಟ್ಟು ಒಳಗೆ ಹೋಗುತ್ತಿದ್ದಳು. ಈಗ ಮಗ್ಗುಲು ಮಾಡ್ತೆ ತಂಡೇಲ್ರೆ, ಈಗ ಬಟ್ಟಿ ತೆಗೀತೆ, ಎಂದು ಹೇಳಿಯೇ ಎಲ್ಲ ಮಾಡುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ನಿದ್ದೆಯಲ್ಲ ಎಂಬುದು ಉಸಿರಿನಲ್ಲಿ ಗೊತ್ತಾಗುತ್ತಿತ್ತು.

ಸೆಕೆ ಶುರುವಾದ ಮೇಲೆ ಒಂದು ದಿನ ಪಿಡಿಒ ಐಸ್ ಪ್ಲಾಂಟಿಗೆ ಬಂದರು. ಪ್ರತಿ ಪಂಚಾಯತಿಗೆ ಇಬ್ಬರು ಸಹಾಯಕರು ಎಂದು ಆದೇಶವಾಗಿತ್ತು. "ಬ್ರಹ್ಮಾವರಕ್ಕೂ?" ಎಂದು ಕೇಳಿದೆ. "ಮೂರಕ್ಕೂ" ಎಂದರು. ನೀವು ಮಾಡಿದ್ದು ಸರಿ ಎಂದಾಗಲೀ ತಪ್ಪು ಎಂದಾಗಲೀ ಹೇಳಲಿಲ್ಲ. ಸೋಮವಾರದಿಂದ ಬನ್ನಿ ಎಂದಷ್ಟೇ ಹೇಳಿ, ಒದ್ದೆ ನೆಲದಲ್ಲಿ ಜಾರದಂತೆ ಹುಷಾರಾಗಿ ಕಾಲಿಡುತ್ತ ಹೋದರು.

ಎರಡನೆಯ ಸಹಾಯಕ ಕೋಡಿ ಎಂಬ ಊರಿನವನು, ಮುಂಬೈ ಹೋಟೆಲಿನಲ್ಲಿ ವರ್ಷಗಟ್ಟಲೆ ದುಡಿದು ಬಂದವನು. ಮಾತಿನ ಮಲ್ಲ. ಮೊದಲ ದಿನ ತಂಡೇಲರ ಮನೆಗೆ ಕಾಲಿಟ್ಟವನೇ, "ಕ್ಯಾ ತಂಡೇಲ್ ಸಾಬ್, ಆರಾಮಾ?" ಎಂದ. ತಂಡೇಲರು ಕಣ್ಣು ತೆರೆದರು. "ಇದ್ಯಾವ್ ಜಾತಿ ಮೀನ್ ಮಾರಾಯಾ, ಹಿಂದಿ ಮಾತಾಡತ್ತ್!" ಎಂದರು. ಅಷ್ಟು ದಿನಗಳ ಮೇಲೆ ಅವರ ದನಿ ಕೇಳಿದ್ದು ಅದೇ ಮೊದಲು. ಅಂದಿನಿಂದ ಇಬ್ಬರಿಗೂ ಮಾತು ಮುಗಿಯದು. ಸೊಸೆ ಮತ್ತೆ ಕಂಬದ ಪಕ್ಕ ನಿಲ್ಲುತ್ತಾಳೆ. ತೊಡೆಯ ಗಾಯ ಕೂಡಿಕೊಂಡಿದೆ, ಅಲ್ಲಿನ ಚರ್ಮ ಮಾತ್ರ ಬೆಳ್ಳಗೆ ಉಳಿದಿದೆ.

ಹಗ್ಗದ ಹದ ನನಗೆ ಗೊತ್ತಿರುವುದರಿಂದ ಎಳೆಯುವವನು ನಾನು, ಜೋಲಿ ಹಿಡಿಯುವವನು ಅವನು. ಜೋಲಿ ಈಗ ತಿರುಗುವುದಿಲ್ಲ. ಐಸ್ ಎಂದು ಆ ಮನೆಯಲ್ಲಿ ಯಾರೂ ಕರೆಯುವುದಿಲ್ಲ. ನಿನ್ನೆಯೂ ಎತ್ತಿದೆವು. ಕುರ್ಚಿ ಸರಿಯಾಗಿ ಕೆಳಗೆ ಬಂದ ಮೇಲೆ ತಂಡೇಲರು ತಲೆ ತಿರುಗಿಸದೆ ಕೋಡಿಯವನಿಗೆ ಹೇಳಿದರು:

"ಆ ಹಗ್ಗ ಹಿಡ್ಕಂಡವನಿಗ್ ಹೇಳ್, ನಿಧಾನ ಬಿಡುಕೆ."

"ಅಣ್ಣಾ, ನಿಧಾನ ಬಿಡ್ಕಂಬ್ರ್."

ನಾನು ನಿಧಾನವಾಗಿ ಬಿಟ್ಟೆ.